ಗೋಧಿ ತೆನೆಗೆ ಸುತ್ತಿದ ಕೆಂಪು ರಿಬ್ಬನ್

ಸೋವಿಯತ್ ಒಕ್ಕೂಟದ ಲಾಂಛನ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಕುಡುಗೋಲು-ಸುತ್ತಿಗೆ, ಜೊತೆಗೊಂದು ಕೆಂಪು ನಕ್ಷತ್ರ. ನನ್ನ ಕಣ್ಣು ಮೊದಲು ಹೋಗುವುದು ಅದರ ಅಂಚಿಗೆ. ಎಡಕ್ಕೂ ಬಲಕ್ಕೂ ಬಾಗಿ ನಿಂತ ಗೋಧಿ ತೆನೆಗಳು. ಆ ತೆನೆಗಳನ್ನು ಸುತ್ತಿ ಸುತ್ತಿ ಕಟ್ಟಿದ ಕೆಂಪು ರಿಬ್ಬನ್. ಒಂದೊಂದು ಸುತ್ತಿನ ಮೇಲೂ ಒಂದೊಂದು ಭಾಷೆಯಲ್ಲಿ ಅದೇ ಒಂದು ಸಾಲು: ಸಕಲ ದೇಶಗಳ ಕಾರ್ಮಿಕರೇ, ಒಂದಾಗಿ.

ಕುಡುಗೋಲು-ಸುತ್ತಿಗೆ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಹೊಗಳಿದವರೂ ಇದ್ದಾರೆ, ಬೈದವರೂ ಇದ್ದಾರೆ. ರಿಬ್ಬನ್ ಕಡೆ ನೋಡಿದವರು ಕಡಿಮೆ. ಆದರೆ ಸುಮಾರು 70 ವರ್ಷಗಳಲ್ಲಿ ಆ ಲಾಂಛನದಲ್ಲಿ ಪದೇ ಪದೇ ಬದಲಾದದ್ದು ಅದೇ. ಮೊದಲು 6 ಸಾಲು ಇತ್ತು. 7 ಆಯಿತು, 11 ಆಯಿತು, 16 ಆಯಿತು, ಆಮೇಲೆ ಒಂದು ಕಡಿಮೆಯಾಗಿ 15ಕ್ಕೆ ನಿಂತಿತು. ಸುತ್ತಿಗೆ ಎಲ್ಲಾ ಕಾಲದಲ್ಲೂ ಸುತ್ತಿಗೆಯೇ. ಆ ದೇಶದಲ್ಲಿ ಏನು ನಡೆಯುತ್ತಿತ್ತು ಅಂತ ತಿಳಿಯಬೇಕಾದರೆ ರಿಬ್ಬನ್ ಓದಬೇಕು.

ನಮ್ಮಲ್ಲಿ ಒಂದು ತಲೆಮಾರಿಗೆ ಈ ಚಿತ್ರ ತೀರಾ ಅಪರಿಚಿತವೇನಲ್ಲ. ನವಕರ್ನಾಟಕದ ಪುಸ್ತಕ ಮಳಿಗೆಗಳಲ್ಲಿ ಮಾಸ್ಕೋದಲ್ಲಿ ಅಚ್ಚಾದ ದಪ್ಪ ರಟ್ಟಿನ ಪುಸ್ತಕಗಳು ನಂಬಲಾಗದಷ್ಟು ಕಡಿಮೆ ಬೆಲೆಗೆ ಸಿಗುತ್ತಿದ್ದವು. ಮಕ್ಕಳ ಕತೆಯಿಂದ ಭೌತಶಾಸ್ತ್ರದವರೆಗೆ ಎಲ್ಲಾ ಇರುತ್ತಿತ್ತು. ಸೋವಿಯತ್ ಪತ್ರಿಕೆಗಳ ನುಣುಪು ಹಾಳೆ ಓದಿಗಿಂತ ಶಾಲೆಯ ನೋಟ್‌ಬುಕ್ಕಿಗೆ ಬೈಂಡ್ ಹಾಕಲು ಜಾಸ್ತಿ ಬಳಕೆಯಾಗುತ್ತಿತ್ತು ಅನ್ನುವುದೂ ನಿಜ. ಟ್ರ್ಯಾಕ್ಟರ್ ಓಡಿಸುತ್ತಾ ನಗುವ ಹೆಂಗಸು, ಬ್ಯಾಲೆ ಹುಡುಗಿಯರು, ರಾಕೆಟ್, ಇವೆಲ್ಲ ನಮ್ಮ ಗಣಿತದ ನೋಟ್‌ಬುಕ್ಕಿನ ರಕ್ಷಣೆಗೆ ನಿಂತಿದ್ದವು. ಲಾಂಛನವೂ ಅಲ್ಲೆಲ್ಲೋ ಮೂಲೆಯಲ್ಲಿ ಇರುತ್ತಿತ್ತು. ಯಾರು ನೋಡಿದ್ದರು?

ಕತೆ ಶುರುವಾಗುವುದು 1918ರಲ್ಲಿ. ಕ್ರಾಂತಿಯಾಗಿ ವರ್ಷವೂ ತುಂಬಿರಲಿಲ್ಲ. ರಾಜನ ಎರಡು ತಲೆಯ ಹದ್ದನ್ನು ಕಿತ್ತು ಹಾಕಿದ್ದರು, ಆ ಜಾಗಕ್ಕೆ ಏನಿಡಬೇಕು ಎನ್ನುವುದು ತೀರ್ಮಾನವಾಗಿರಲಿಲ್ಲ. ಆ ವರ್ಷದ ಮೇ ದಿನಾಚರಣೆಗೆ ಮಾಸ್ಕೋದ ಒಂದು ಬಡಾವಣೆಯನ್ನು ಅಲಂಕರಿಸುವ ಕೆಲಸ ಎವ್ಗೆನಿ ಕಾಮ್ಜೋಲ್ಕಿನ್ ಎಂಬ ಕಲಾವಿದನಿಗೆ ಸಿಕ್ಕಿತ್ತು. ಕುಡುಗೋಲು ಮತ್ತು ಸುತ್ತಿಗೆಯನ್ನು ಅಡ್ಡಡ್ಡ ಇಟ್ಟು ಬರೆದವನು ಅವನೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹಳ್ಳಿಯ ರೈತ, ಪಟ್ಟಣದ ಕಾರ್ಮಿಕ. ವಿವರಣೆಯೇ ಬೇಡದ ಚಿತ್ರ.

ರಷ್ಯಾ ಗಣರಾಜ್ಯದ ಲಾಂಛನಕ್ಕೆ ಸಿದ್ಧವಾಗಿದ್ದ ಒಂದು ಕರಡಿನಲ್ಲಿ ಕುಡುಗೋಲು-ಸುತ್ತಿಗೆಯ ಜೊತೆ ಒಂದು ಕತ್ತಿಯೂ ಇತ್ತು. ಲೆನಿನ್ನರ ಕಚೇರಿ ನೋಡಿಕೊಳ್ಳುತ್ತಿದ್ದ ಬಾಂಚ್-ಬ್ರುಯೆವಿಚ್ ತಮ್ಮ ನೆನಪುಗಳಲ್ಲಿ ಇದನ್ನು ಬರೆದಿದ್ದಾರೆ. ಲೆನಿನ್ ಚಿತ್ರ ನೋಡಿ, ಚೆನ್ನಾಗಿದೆ, ಆದರೆ ಕತ್ತಿ ಯಾಕೆ ಎಂದು ಕೇಳಿ ಅದನ್ನು ಹೊಡೆದು ಹಾಕಿದರಂತೆ. ಬೇರೆಯವರ ನೆಲ ಗೆಲ್ಲುವುದು ನಮ್ಮ ಕೆಲಸವಲ್ಲ ಅನ್ನುವುದು ಅವರ ವಾದ. ಆ ಹೊತ್ತಿಗೆ ದೇಶ ಅಂತರ್ಯುದ್ಧದೊಳಗೆ ಕಾಲಿಡುತ್ತಿತ್ತು ಅನ್ನುವುದನ್ನು ಮರೆಯಬಾರದು. ಕತ್ತಿ ಎಲ್ಲಿಗೂ ಹೋಗಲಿಲ್ಲ. ಮುಂದೆ ಗುಪ್ತ ಪೊಲೀಸರ ಬ್ಯಾಡ್ಜಿನ ಮೇಲೆ ಬಂದು ಕೂತಿತು. ಕೆಜಿಬಿಯ ಗುರುತು ಕೊನೆಯವರೆಗೂ ಗುರಾಣಿ ಮತ್ತು ಕತ್ತಿಯೇ.

1918ರ ಜುಲೈನಲ್ಲಿ ಬಂದ ರಷ್ಯಾದ ಸಂವಿಧಾನದಲ್ಲಿ ಲಾಂಛನದ ವಿವರಣೆ ಇದೆ. ಸೂರ್ಯನ ಕಿರಣ, ಕುಡುಗೋಲು, ಸುತ್ತಿಗೆ, ಸುತ್ತ ತೆನೆಗಳ ಮಾಲೆ. ಆದರೆ ಅದು ರಷ್ಯಾದ್ದು ಮಾತ್ರ. 1922ರ ಡಿಸೆಂಬರ್ 30ರಂದು ರಷ್ಯಾ, ಉಕ್ರೇನ್, ಬೆಲಾರೂಸ್ ಮತ್ತು ಕಾಕಸಸ್ ಆಚೆಗಿನ ಒಕ್ಕೂಟ (ಜಾರ್ಜಿಯಾ, ಅರ್ಮೇನಿಯಾ, ಅಜರ್‌ಬೈಜಾನ್) ಸೇರಿ ಸೋವಿಯತ್ ಒಕ್ಕೂಟವಾದಾಗ ಹೊಸ ಲಾಂಛನ ಬೇಕಾಯಿತು.

ಕೆಲಸ ಹೋಗಿದ್ದು ಗೋಜ್ನಾಕ್‌ಗೆ. ಅದು ನೋಟು, ಅಂಚೆಚೀಟಿ ಅಚ್ಚು ಮಾಡುವ ಸರಕಾರಿ ಸಂಸ್ಥೆ. ಭೂಗೋಳವನ್ನು ನಡುವೆ ಇಡುವ ಯೋಚನೆ ವ್ಲಾದಿಮಿರ್ ಆದ್ರಿಯಾನೋವ್ ಎಂಬವರದ್ದು. ಅವರು ಮೂಲತಃ ಸೈನ್ಯದ ನಕ್ಷೆಗಾರ. ಸೋವಿಯತ್ ಸೈನಿಕರು ಮುಂಗೈಗೆ ಕಟ್ಟಿಕೊಳ್ಳುತ್ತಿದ್ದ ದಿಕ್ಸೂಚಿಗೆ ಇಂದಿಗೂ ಅವರದೇ ಹೆಸರು. ನಕ್ಷೆ ಬರೆಯುವವನ ಕೈಗೆ ಲಾಂಛನ ಕೊಟ್ಟರೆ ಭೂಮಿಯನ್ನೇ ಬರೆಯುತ್ತಾನೆ, ಅಲ್ವಾ! ಕೊನೆಯ ರೂಪ ಕೊಟ್ಟದ್ದು ಇವಾನ್ ದುಬಾಸೋವ್. ಮುಂದೆ ದಶಕಗಳ ಕಾಲ ಸೋವಿಯತ್ ನೋಟುಗಳನ್ನೂ ಅಂಚೆಚೀಟಿಗಳನ್ನೂ ರೂಪಿಸಿದವರು ಅವರು.

ಮೇಲ್ತುದಿಯಲ್ಲಿ ಮೊದಲು ದೇಶದ ಹೆಸರಿನ ಅಕ್ಷರಗಳನ್ನು ಹೆಣೆದು ಬರೆದಿದ್ದರು. ಅದರ ಬದಲು ಒಂದು ಕೆಂಪು ನಕ್ಷತ್ರ ಇಡಿ ಎಂದು ಸೂಚಿಸಿದವರು ಕೇಂದ್ರ ಕಾರ್ಯಕಾರಿ ಸಮಿತಿಯ ಕಾರ್ಯದರ್ಶಿ ಅವೆಲ್ ಎನುಕಿಡ್ಜೆ. ಹಾಗೆಯೇ ಆಯಿತು. 1923ರ ಜುಲೈ 6ರಂದು ಒಪ್ಪಿಗೆ ಸಿಕ್ಕಿತು. ನಕ್ಷತ್ರ 1991ರವರೆಗೂ ಅಲ್ಲೇ ಇತ್ತು. ಎನುಕಿಡ್ಜೆಯನ್ನು 1937ರಲ್ಲಿ ಸ್ಟಾಲಿನ್ ಸರಕಾರ ಗುಂಡಿಕ್ಕಿ ಕೊಂದಿತು.

ನಕ್ಷತ್ರ ಬಂದದ್ದರಿಂದ ಒಂದು ವಿಚಿತ್ರ ನಡೆಯಿತು. ಲಾಂಛನದಲ್ಲಿ ದೇಶದ ಹೆಸರೇ ಇಲ್ಲದಂತಾಯಿತು. ಹುಡುಕಿ ನೋಡಿ, ಎಲ್ಲೂ ಇಲ್ಲ. ಭೂಗೋಳದ ಮೇಲೆ ಗಡಿಗೆರೆಗಳೂ ಇಲ್ಲ. ಇರುವುದು ಅಕ್ಷಾಂಶ ರೇಖಾಂಶ ಮಾತ್ರ. ಇದು ಆ ಕಾಲದ ನಂಬಿಕೆಗೆ ಹೊಂದುವ ಮಾತೇ. 1924ರ ಸಂವಿಧಾನದ ಮೊದಲ ಭಾಗದಲ್ಲೇ ಈ ಒಕ್ಕೂಟ ಇಡೀ ಜಗತ್ತಿನ ಸಮಾಜವಾದಿ ಗಣರಾಜ್ಯದ ಕಡೆಗೆ ಇಡುವ ಹೆಜ್ಜೆ ಎಂದು ಬರೆದುಕೊಂಡಿದ್ದರು. ಇವತ್ತು ನಾಲ್ಕು ಗಣರಾಜ್ಯ, ನಾಳೆ ಜರ್ಮನಿ, ನಾಡಿದ್ದು ಚೀನಾ, ಭಾರತ. ಬಂದವರಿಗೆಲ್ಲ ರಿಬ್ಬನ್ನಿನಲ್ಲಿ ಒಂದೊಂದು ಸುತ್ತು. ಇದೊಂದು ದೇಶದ ಗುರುತಾಗಿರಬೇಕು ಅಂತ ಬರೆದವರಿಗೆ ಅನ್ನಿಸಿರಲೇ ಇಲ್ಲ ಎಂದು ನನಗೆ ಅನ್ನಿಸುತ್ತದೆ.

ಈಗ ರಿಬ್ಬನ್ನಿಗೆ ಬರೋಣ.

ಮೊದಲ ಲಾಂಛನದಲ್ಲಿದ್ದ 6 ಭಾಷೆಗಳು ಇವು: ರಷ್ಯನ್, ಉಕ್ರೇನಿಯನ್, ಬೆಲರೂಸಿಯನ್, ಜಾರ್ಜಿಯನ್, ಅರ್ಮೇನಿಯನ್ ಮತ್ತು ಒಂದು ತುರ್ಕಿಕ್ ಭಾಷೆ. ಕೊನೆಯದು ಮುಖ್ಯವಾಗಿ ಅಜರ್‌ಬೈಜಾನಿನವರಿಗೆ. ಅದನ್ನು ಬರೆದದ್ದು ಅರಬ್ಬಿ ಲಿಪಿಯಲ್ಲಿ. ಅಂದರೆ ದೇವರನ್ನು ಒಪ್ಪದ ದೇಶದ ಲಾಂಛನದಲ್ಲಿ ಕುರಾನಿನ ಲಿಪಿಯಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್‌ರ ಘೋಷಣೆ. ನನಗೆ ಬಹಳ ಇಷ್ಟವಾದ ವಿವರ ಇದು.

ಅದು ಜಾಸ್ತಿ ದಿನ ಉಳಿಯಲಿಲ್ಲ. 1920ರ ದಶಕದ ಕೊನೆಯಲ್ಲಿ ಸೋವಿಯತ್ ಒಕ್ಕೂಟದ ತುರ್ಕಿಕ್ ಭಾಷೆಗಳನ್ನೆಲ್ಲ ಲ್ಯಾಟಿನ್ ಲಿಪಿಗೆ ತಂದರು. ಅರಬ್ಬಿ ಲಿಪಿ ಹಿಂದುಳಿದದ್ದು, ಮುಲ್ಲಾಗಳದ್ದು. ಲ್ಯಾಟಿನ್ ಆಧುನಿಕ, ವಿಶ್ವಕ್ರಾಂತಿಗೆ ಹೊಂದುವಂಥದ್ದು ಅನ್ನುವುದು ವಾದ. ಹತ್ತು ವರ್ಷ ಕಳೆಯಿತು. ವಿಶ್ವಕ್ರಾಂತಿಯ ಮಾತು ತಣ್ಣಗಾಯಿತು. 1939-40ರ ಹೊತ್ತಿಗೆ ಅದೇ ಭಾಷೆಗಳನ್ನೆಲ್ಲ ರಷ್ಯನ್ನರ ಸಿರಿಲಿಕ್ ಲಿಪಿಗೆ ಬದಲಿಸಿದರು. 1910ರ ಸುಮಾರಿಗೆ ಹುಟ್ಟಿದ ಅಜರ್‌ಬೈಜಾನಿನ ಒಬ್ಬ ಮೇಷ್ಟ್ರನ್ನು ಊಹಿಸಿಕೊಳ್ಳಿ. ಅವನು ಓದಿದ್ದು ಅರಬ್ಬಿ ಅಕ್ಷರದಲ್ಲಿ, ಕೆಲಸಕ್ಕೆ ಸೇರಿದಾಗ ಕಲಿಸಿದ್ದು ಲ್ಯಾಟಿನ್ನಿನಲ್ಲಿ, ಮೂವತ್ತಕ್ಕೆ ಬಂದಾಗ ಮಕ್ಕಳ ಜೊತೆ ಕೂತು ಸಿರಿಲಿಕ್ ತಿದ್ದಬೇಕಾಯಿತು. ಅಪ್ಪ ಬರೆದ ಪತ್ರ ಮಗಳಿಗೆ ಓದಲು ಬಾರದು. ರಿಬ್ಬನ್ನಿನ ಮೇಲೆ ಸಾಲು ಅದೇ, ಅರ್ಥ ಅದೇ, ಅಕ್ಷರ ಮಾತ್ರ ಬೇರೆ ಬೇರೆ.

ಜಾರ್ಜಿಯನ್ ಮತ್ತು ಅರ್ಮೇನಿಯನ್ ಭಾಷೆಗಳಿಗೆ ಮಾತ್ರ ಯಾರೂ ಕೈ ಹಾಕಲಿಲ್ಲ. ಒಂದೂವರೆ ಸಾವಿರ ವರ್ಷದ ಹಳೆಯ ಲಿಪಿಗಳು, ಕೊನೆಯವರೆಗೂ ಹಾಗೆಯೇ ಉಳಿದವು. ಸ್ಟಾಲಿನ್ ಸ್ವತಃ ಜಾರ್ಜಿಯಾದವರು ಅನ್ನುವುದು ಇಲ್ಲಿ ಕೆಲಸ ಮಾಡಿತೋ ಏನೋ, ಗೊತ್ತಿದ್ದವರು ಅವರವರೇ ತೀರ್ಮಾನ ಮಾಡಿಕೊಳ್ಳಲಿ. ಆದರೆ ಜಾರ್ಜಿಯನ್ನರು ತಮ್ಮ ಭಾಷೆಗೆ ಬೀದಿಗಿಳಿಯಲೂ ಸಿದ್ಧರಿದ್ದರು. 1978ರಲ್ಲಿ ಜಾರ್ಜಿಯಾದ ಹೊಸ ಸಂವಿಧಾನದ ಕರಡಿನಿಂದ ಜಾರ್ಜಿಯನ್ನಿನ ರಾಜ್ಯಭಾಷೆ ಸ್ಥಾನ ತೆಗೆದಾಗ, ಏಪ್ರಿಲ್ 14ರಂದು ಟ್ಬಿಲಿಸಿಯಲ್ಲಿ ಸಾವಿರಾರು ವಿದ್ಯಾರ್ಥಿಗಳು ಮೆರವಣಿಗೆ ಹೊರಟರು. ಬ್ರೆಜ್ನೇವ್ ಕಾಲದಲ್ಲಿ ಅಂಥದ್ದು ಊಹೆಗೂ ಮೀರಿದ್ದು. ಸರಕಾರ ಹಿಂದೆ ಸರಿಯಿತು, ಭಾಷೆ ಉಳಿಯಿತು.

1931ರಲ್ಲಿ ತಾಜಿಕ್ ಭಾಷೆ ಸೇರಿ 7 ಆಯಿತು. 1936ರ ಸಂವಿಧಾನ ಬಂದ ಮೇಲೆ ಗಣರಾಜ್ಯಗಳ ಸಂಖ್ಯೆ 11ಕ್ಕೆ ಏರಿತು, ರಿಬ್ಬನ್ನಿನ ಸಾಲುಗಳೂ 11 ಆದವು. ಕಜಾಕ್, ಕಿರ್ಗಿಜ್, ಉಜ್ಬೆಕ್, ತುರ್ಕ್‌ಮೆನ್ ಭಾಷೆಗಳಿಗೆ ತಮ್ಮದೇ ಸಾಲು ಸಿಕ್ಕಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ತತಾರರು ಎಲ್ಲಿ? ಸೋವಿಯತ್ ಒಕ್ಕೂಟದ ದೊಡ್ಡ ಜನಾಂಗಗಳಲ್ಲಿ ಅವರೂ ಒಬ್ಬರು. 1989ರ ಜನಗಣತಿಯಲ್ಲಿ 60 ಲಕ್ಷಕ್ಕಿಂತ ಹೆಚ್ಚಿದ್ದರು. ಎಸ್ಟೋನಿಯನ್ನರು 10 ಲಕ್ಷದ ಆಸುಪಾಸು. ಎಸ್ಟೋನಿಯನ್ನಿಗೆ ಸಾಲು ಇತ್ತು, ತತಾರ್ ಭಾಷೆಗೆ ಇರಲಿಲ್ಲ. ಕಾರಣವನ್ನು ಸ್ಟಾಲಿನ್ 1936ರ ನವೆಂಬರ್ ಭಾಷಣದಲ್ಲಿ ಬಿಡಿಸಿ ಹೇಳಿದ್ದಾರೆ. ಪೂರ್ಣ ಗಣರಾಜ್ಯ ಆಗಬೇಕಾದರೆ ಮೂರು ಅರ್ಹತೆ ಬೇಕು. ಪ್ರದೇಶ ದೇಶದ ಗಡಿಯಲ್ಲಿರಬೇಕು, ಆ ಜನಾಂಗ ಅಲ್ಲಿ ಬಹುಸಂಖ್ಯಾತವಾಗಿರಬೇಕು, ಜನಸಂಖ್ಯೆ 10 ಲಕ್ಷವಾದರೂ ದಾಟಿರಬೇಕು. ಗಡಿ ಯಾಕೆ? ಗಣರಾಜ್ಯಗಳಿಗೆ ಒಕ್ಕೂಟ ಬಿಟ್ಟು ಹೋಗುವ ಹಕ್ಕು ಕಾಗದದ ಮೇಲೆ ಇತ್ತು. ಸುತ್ತಲೂ ಸೋವಿಯತ್ ನೆಲವೇ ಇದ್ದರೆ ಬಿಟ್ಟು ಹೋಗುವುದಾದರೂ ಎಲ್ಲಿಗೆ? ವೋಲ್ಗಾ ದಡದ ತತಾರರಿಗೆ ಆದ್ದರಿಂದ ಅರ್ಹತೆ ಇಲ್ಲ. ಯಾರೂ ಬಳಸಲು ಧೈರ್ಯ ಮಾಡದ ಹಕ್ಕಿನ ಆಧಾರದ ಮೇಲೆ ಒಂದು ಜನಾಂಗದ ಸ್ಥಾನ ತೀರ್ಮಾನವಾಯಿತು. ಕೇಳಲು ತಮಾಷೆಯಾಗಿದೆ. ಆದರೆ ಅದರ ಹಿಂದೆ ಬರುವುದು ವಿಶ್ವವಿದ್ಯಾಲಯ, ಪ್ರಕಾಶನ, ಸಿನಿಮಾ ಸ್ಟುಡಿಯೋ, ಶಾಲೆಗಳ ಹಣ, ಎಲ್ಲವೂ. ಪೂರ್ಣ ಗಣರಾಜ್ಯಕ್ಕೆ ಸಿಗುವುದು ಒಂದು, ಅದರ ಕೆಳಗಿನ ಸ್ವಾಯತ್ತ ಗಣರಾಜ್ಯಕ್ಕೆ ಸಿಗುವುದು ಇನ್ನೊಂದು.

ಇದು ಅರ್ಥವಾಗಲು ನಾವು ಜೇಬಿನಿಂದ ಒಂದು ನೋಟು ತೆಗೆದರೆ ಸಾಕು. ಹಿಂಬದಿಯ ಪಟ್ಟಿಯಲ್ಲಿ 15 ಭಾಷೆಗಳಿವೆ. ಅಸ್ಸಾಮಿ, ಬಂಗಾಳಿ, ಗುಜರಾತಿ ಆದ ಮೇಲೆ ನಾಲ್ಕನೆಯದು ಕನ್ನಡ. ಹಿಂದಿ, ಇಂಗ್ಲಿಷ್ ಬೇರೆ ಕಡೆ ದೊಡ್ಡದಾಗಿವೆ. ನಮ್ಮ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 22 ಭಾಷೆ ಇದ್ದರೂ ಬೋಡೋ, ಡೋಗ್ರಿ, ಮೈಥಿಲಿ, ಮಣಿಪುರಿ, ಸಂತಾಲಿ, ಸಿಂಧಿ ನೋಟಿನ ಮೇಲೆ ಇಲ್ಲ. ನಮ್ಮ ತುಳುವಂತೂ ಪರಿಚ್ಛೇದದಲ್ಲೇ ಇಲ್ಲ, ಇನ್ನು ನೋಟಿನ ಮಾತೆಲ್ಲಿ. ಮಂಗಳೂರಿನ ಸ್ನೇಹಿತರ ಮುಂದೆ ಈ ಪಟ್ಟಿಯನ್ನು ಹೆಮ್ಮೆಯಿಂದ ತೋರಿಸಿದರೆ ಅವರ ಮುಖ ಹೇಗಾಗುತ್ತದೆ ಅನ್ನುವುದು ನನಗೆ ಗೊತ್ತು. ಸೋವಿಯತ್ ರೂಬಲ್ ನೋಟುಗಳ ಮೇಲೂ ಹೀಗೇ ಗಣರಾಜ್ಯಗಳ ಭಾಷೆಗಳಲ್ಲಿ ಮೊತ್ತ ಬರೆದಿರುತ್ತಿತ್ತು. ಅಲ್ಲೂ ತತಾರ್ ಇರಲಿಲ್ಲ.

ಸ್ಟಾಲಿನ್ ಹೇಳಿದ ಮೂರು ನಿಯಮಗಳನ್ನು ಸ್ಟಾಲಿನ್ನರೇ ಮುರಿದದ್ದು ನಾಲ್ಕು ವರ್ಷವೂ ಕಳೆಯುವ ಮೊದಲು. ರಿಬ್ಬನ್ನಿನ ಹದಿನಾರನೆಯ ಸಾಲಿನ ಕತೆ ಅದು.

1939ರ ನವೆಂಬರ್‌ನಲ್ಲಿ ಸೋವಿಯತ್ ಸೈನ್ಯ ಫಿನ್ಲೆಂಡಿನ ಮೇಲೆ ಬಿತ್ತು. ದಾಳಿ ಶುರುವಾದ ಬೆನ್ನಲ್ಲೇ ಗಡಿಯ ಊರೊಂದರಲ್ಲಿ ಫಿನ್ಲೆಂಡಿನ 'ಜನತಾ ಸರಕಾರ' ಎಂದು ಒಂದನ್ನು ಕೂರಿಸಿದರು. ಅದರ ಮುಖ್ಯಸ್ಥ ಒಟ್ಟೊ ಕೂಸಿನೆನ್, ಮಾಸ್ಕೋದಲ್ಲಿ ನೆಲೆಸಿದ್ದ ಫಿನ್ನಿಷ್ ಕಮ್ಯುನಿಸ್ಟ್. ಫಿನ್ನರು ಮಣಿಯಲಿಲ್ಲ. ಚಳಿಗಾಲದ ಯುದ್ಧದಲ್ಲಿ ಸ್ವಲ್ಪ ನೆಲ ಕಳೆದುಕೊಂಡರು, ದೇಶ ಉಳಿಸಿಕೊಂಡರು. ಸೋವಿಯತ್ ಸರಕಾರ 1940ರ ಮಾರ್ಚ್ 31ರಂದು, ಗೆದ್ದ ನೆಲದ ಬಹುಭಾಗವನ್ನು ತನ್ನದೇ ಕರೇಲಿಯಾಗೆ ಸೇರಿಸಿ, ಕರೇಲೋ-ಫಿನ್ನಿಷ್ ಗಣರಾಜ್ಯ ಎಂದು ಹೊಸದೊಂದನ್ನು ಮಾಡಿತು. ಮುಖ್ಯಸ್ಥ ಅದೇ ಕೂಸಿನೆನ್.

ಅಲ್ಲಿ ಫಿನ್ನರು ಎಷ್ಟಿದ್ದರು? ಗೆದ್ದ ಜಾಗದಲ್ಲಿದ್ದ ನಾಲ್ಕು ಲಕ್ಷಕ್ಕೂ ಹೆಚ್ಚು ಫಿನ್ನರು ಮನೆ ಮಠ ಬಿಟ್ಟು ಫಿನ್ಲೆಂಡಿಗೆ ಹೊರಟು ಹೋಗಿದ್ದರು. ಉಳಿದ ಕರೇಲಿಯಾದಲ್ಲಿ ಹೆಚ್ಚಿನವರು ರಷ್ಯನ್ನರು. ಒಟ್ಟು ಜನಸಂಖ್ಯೆ 10 ಲಕ್ಷ ಮುಟ್ಟಿರಲಿಲ್ಲ. ಬಹುಸಂಖ್ಯೆಯ ನಿಯಮವೂ ಹೋಯಿತು, ಜನಸಂಖ್ಯೆಯ ನಿಯಮವೂ ಹೋಯಿತು. ಇನ್ನೂ ವಿಚಿತ್ರ ಕೇಳಿ. ಕೆಲವೇ ವರ್ಷ ಹಿಂದೆ, 1930ರ ದಶಕದ ಕೊನೆಯಲ್ಲಿ, ಕರೇಲಿಯಾದಲ್ಲಿ ಫಿನ್ನಿಷ್ ಭಾಷೆಯನ್ನೇ ನಿಷೇಧಿಸಿದ್ದರು. ಫಿನ್ನಿಷ್ ಪುಸ್ತಕ, ಪತ್ರಿಕೆ, ಶಾಲೆ ಎಲ್ಲಾ ಬಂದ್. ಅದನ್ನು ಕಲಿಸಿದ ಎಷ್ಟೋ ಜನ ಜೈಲು ಸೇರಿದ್ದರು, ಎಷ್ಟೋ ಜನ ಗುಂಡಿಗೆ ಬಲಿಯಾಗಿದ್ದರು. ಈಗ ಅದೇ ಭಾಷೆ ರಾಜ್ಯಭಾಷೆ. 1946ರಲ್ಲಿ ಲಾಂಛನ ತಿದ್ದಿ 16 ಸಾಲು ಮಾಡಿದಾಗ ಅದಕ್ಕೊಂದು ಸಾಲೂ ಸಿಕ್ಕಿತು.

ಅಂದರೆ ಆ ಸಾಲು ಅಲ್ಲಿದ್ದ ಜನರಿಗಾಗಿ ಬರೆದದ್ದಲ್ಲ. ಗಡಿಯಾಚೆ ಹೆಲ್ಸಿಂಕಿಯಲ್ಲಿ ಕೂತವರು ಓದಲಿ ಅಂತ ಬರೆದದ್ದು ಎಂದು ಫಿನ್ನರು ನಂಬಿದ್ದರು. ನಿಮಗೂ ಜಾಗ ಸಿದ್ಧವಾಗಿದೆ ಅನ್ನುವ ಸೂಚನೆ. ಹಾಗಾಗಿ 1956ರಲ್ಲಿ ಆ ಸಾಲು ಅಳಿಸಿ ಹೋದಾಗ ಅದಕ್ಕೂ ಅರ್ಥ ಬಂತು. ಆ ವರ್ಷ ಜನವರಿಯಲ್ಲಿ ಸೋವಿಯತ್ ಒಕ್ಕೂಟ ಹೆಲ್ಸಿಂಕಿ ಪಕ್ಕದ ಪೋರ್ಕ್ಕಲಾ ನೌಕಾನೆಲೆಯನ್ನು ಫಿನ್ಲೆಂಡಿಗೆ ವಾಪಸ್ ಕೊಟ್ಟಿತು. ಜುಲೈನಲ್ಲಿ ಕರೇಲೋ-ಫಿನ್ನಿಷ್ ಗಣರಾಜ್ಯವನ್ನು ಇಳಿಸಿ ರಷ್ಯಾದೊಳಗಿನ ಸ್ವಾಯತ್ತ ಗಣರಾಜ್ಯ ಮಾಡಿದರು. ಸೆಪ್ಟೆಂಬರ್ 12ರಂದು ಲಾಂಛನದಿಂದ ಫಿನ್ನಿಷ್ ಸಾಲನ್ನು ತೆಗೆದರು.

ಕಾಗದದ ಮೇಲೆ ತೆಗೆಯುವುದು ಸುಲಭ. ಕಲ್ಲು, ಕಂಚಿನಲ್ಲಿ ಕಷ್ಟ. ಮಾಸ್ಕೋದ ವೆದೆಎನ್‌ಖಾ ವಸ್ತುಪ್ರದರ್ಶನ ಮೈದಾನದಲ್ಲಿ 'ಜನಾಂಗಗಳ ಸ್ನೇಹ' ಎಂಬ ದೊಡ್ಡ ಕಾರಂಜಿ ಇದೆ. ನಡುವೆ ಬೃಹತ್ ತೆನೆ ಕಟ್ಟು, ಸುತ್ತ ಬಂಗಾರದ ಬಣ್ಣದ ಹೆಣ್ಣುಮಕ್ಕಳ ಪ್ರತಿಮೆಗಳು, ಗಣರಾಜ್ಯಕ್ಕೊಂದರಂತೆ. ಅದು ತಯಾರಾದದ್ದು 1954ರಲ್ಲಿ. ಎಣಿಸಿದರೆ 16 ಸಿಗುತ್ತವೆ. ಎರಡು ವರ್ಷಕ್ಕೇ ಒಬ್ಬಳ ಗಣರಾಜ್ಯ ಇಲ್ಲವಾಯಿತು. ಪ್ರವಾಸಿಗರು 15 ಗಣರಾಜ್ಯ ಅಂತ ಓದಿ ಬಂದು ಎಣಿಸಿ ತಲೆ ಕೆರೆದುಕೊಳ್ಳುತ್ತಾರೆ.

ನಾಣ್ಯ ಸಂಗ್ರಹಿಸುವವರಿಗೆ ಇದೆಲ್ಲ ಬಾಯಿಪಾಠ. ಕೋಪೆಕ್ ನಾಣ್ಯಗಳನ್ನು ಅವರು ಭೂತಗನ್ನಡಿ ಹಿಡಿದು ರಿಬ್ಬನ್ನಿನ ಸುತ್ತು ಎಣಿಸುತ್ತಾರೆ. 1937ರಿಂದ 1946ರವರೆಗೆ 11, 1948ರಿಂದ 1956ರವರೆಗೆ 16, 1957ರದ್ದರಲ್ಲಿ 15. ನನ್ನ ಹತ್ತಿರವೂ ಒಂದೆರಡು ಇವೆ. ಎಣಿಸುವಾಗ ಪ್ರತಿ ಸಲವೂ ಲೆಕ್ಕ ತಪ್ಪುತ್ತದೆ, ಅಷ್ಟು ಸಣ್ಣದು. ಆದರೆ ಕಡ್ಡಿಪೆಟ್ಟಿಗೆ ಕೊಳ್ಳುವ ಕಾಸಿನ ಮೇಲೆ ಇಷ್ಟು ರಾಜಕೀಯ ಇರುವುದು ಖುಷಿ ಕೊಡುತ್ತದೆ. ಇನ್ನೊಂದು ತಿದ್ದುಪಡಿಯಂತೂ ಒಂದೇ ಒಂದು ಅಕ್ಷರದ್ದು. ಬೆಲರೂಸಿಯನ್ ಸಾಲಿನ ಕೊನೆಯ ಪದದ ಮೊದಲ ಅಕ್ಷರವನ್ನು 1958ರ ಏಪ್ರಿಲ್ 1ರಂದು ಬದಲಿಸಿದರು. ಅದಕ್ಕಾಗಿ ಅಧಿಕೃತ ಆದೇಶ ಹೊರಡಿಸಿದರು.

ತೆನೆಗಳ ವಿಷಯ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ರಿಬ್ಬನ್ ಸುತ್ತಿರುವುದು ಅವಕ್ಕೇ.

1932ರ ಆಗಸ್ಟ್ 7ರಂದು ಒಂದು ಕಾನೂನು ಬಂತು. ಸಾಮೂಹಿಕ ಬೇಸಾಯದ ಆಸ್ತಿಯನ್ನು ಕದ್ದವರಿಗೆ ಗುಂಡು. ದಯೆ ತೋರಿಸುವ ಕಾರಣವಿದ್ದರೆ ಕನಿಷ್ಠ 10 ವರ್ಷ ಜೈಲು. ಜನ ಅದಕ್ಕೆ 'ತೆನೆ ಕಾನೂನು' ಎಂದು ಹೆಸರಿಟ್ಟರು. ಹೊಲದಲ್ಲಿ ಬಿದ್ದ ತೆನೆಗಳನ್ನು ಆಯ್ದುಕೊಂಡ ಹೆಂಗಸರು, ಮುದುಕರು ಅದರಲ್ಲಿ ಸಿಕ್ಕಿಬಿದ್ದದ್ದರಿಂದ ಆ ಹೆಸರು. ಮೊದಲ ಒಂದೆರಡು ವರ್ಷದಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಅದೇ ಹೊತ್ತಿನಲ್ಲಿ ಉಕ್ರೇನಿನಲ್ಲಿ ಬರಗಾಲ. ಮಳೆ ಬಾರದ ಬರವಲ್ಲ. ಹಳ್ಳಿಗಳಿಂದ ಧಾನ್ಯವನ್ನು ಗುರಿ ನಿಗದಿ ಮಾಡಿ ಎತ್ತಿಕೊಂಡು ಹೋದದ್ದರಿಂದ ಬಂದ ಹಸಿವು. ವಿದೇಶಕ್ಕೆ ಧಾನ್ಯ ಸಾಗಣೆ ಆಗಲೂ ನಡೆದಿತ್ತು. ಅಲ್ಲಿ 30 ಲಕ್ಷಕ್ಕೂ ಹೆಚ್ಚು ಜನ ಸತ್ತರು ಎಂದು ಇತಿಹಾಸಕಾರರ ಅಂದಾಜು. ಕಜಾಕಸ್ತಾನದಲ್ಲಿ 10 ಲಕ್ಷಕ್ಕೂ ಹೆಚ್ಚು. ಅಲೆಮಾರಿ ಪಶುಪಾಲಕರನ್ನು ಬಲವಂತವಾಗಿ ಒಂದೆಡೆ ನೆಲೆ ನಿಲ್ಲಿಸಿ, ಅವರ ದನ, ಕುರಿಗಳನ್ನು ಕಿತ್ತುಕೊಂಡಿದ್ದರು. ಕಜಾಕ್ ಜನಾಂಗದ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೋಯಿತು.

ಉಕ್ರೇನಿಯನ್ ಸಾಲು ಆ ವರ್ಷಗಳಲ್ಲೂ ಗೋಧಿ ತೆನೆಯ ಮೇಲೆ ಇತ್ತು. ಕಜಾಕ್ ಸಾಲು ಬಂದದ್ದು ಹಸಿವಿನ ಮೂರು ವರ್ಷದ ನಂತರ, ಗಣರಾಜ್ಯ ಅನ್ನುವ ಬಡ್ತಿಯ ಜೊತೆ. ಇದನ್ನು ಓದಿದ ಮೇಲೆ ಆ ಲಾಂಛನದ ಚಂದವನ್ನು ಬರೀ ಚಂದವಾಗಿ ನೋಡಲು ನನ್ನಿಂದ ಆಗಿಲ್ಲ. ಹಾಗಂತ ಬರೆದ ದುಬಾಸೋವ್‌ರ ಗೆರೆಯ ಹದ ಕಮ್ಮಿಯಾಗುವುದಿಲ್ಲ. ಎರಡೂ ಒಟ್ಟಿಗೇ ಇವೆ. ಮುಂದೆ 1963ರಲ್ಲಿ ಇದೇ ಗೋಧಿ ಲಾಂಛನದ ದೇಶ ಕೆನಡಾದಿಂದ ಗೋಧಿ ಕೊಂಡಿತು, 1972ರಲ್ಲಿ ಅಮೆರಿಕದಿಂದ ಭಾರೀ ಪ್ರಮಾಣದಲ್ಲಿ ಕೊಂಡಿತು. ಅದು ಸಣ್ಣ ವ್ಯಂಗ್ಯ. 1932ರದ್ದನ್ನು ವ್ಯಂಗ್ಯ ಅನ್ನಲು ಬಾಯಿ ಬರುವುದಿಲ್ಲ.

ಒಕ್ಕೂಟದ ಲಾಂಛನದಲ್ಲಿ ಗೋಧಿ ಮಾತ್ರ ಇತ್ತು. ಪ್ರತಿ ಗಣರಾಜ್ಯಕ್ಕೂ ಬೇರೆ ಲಾಂಛನ ಇತ್ತಲ್ಲ, ಅಲ್ಲಿ ಬಗೆಬಗೆಯ ಬೆಳೆ. ಜಾರ್ಜಿಯಾಗೆ ದ್ರಾಕ್ಷಿ ಮತ್ತು ಹಿಮದ ಬೆಟ್ಟ. ಮಾಲ್ಡೋವಾಗೆ ದ್ರಾಕ್ಷಿ ಜೊತೆ ಮೆಕ್ಕೆಜೋಳ. ಅಜರ್‌ಬೈಜಾನಿಗೆ ಎಣ್ಣೆಬಾವಿಯ ಗೋಪುರ. ತುರ್ಕ್‌ಮೆನಿಸ್ತಾನಕ್ಕೆ ರತ್ನಗಂಬಳಿ. ಅರ್ಮೇನಿಯಾದ್ದನ್ನು ರೂಪಿಸಿದವರು ಪ್ರಸಿದ್ಧ ಚಿತ್ರಕಾರ ಮಾರ್ಟಿರೋಸ್ ಸಾರ್ಯಾನ್. ನಡುವೆ ಅರಾರತ್ ಪರ್ವತ ಬರೆದರು. ಅರಾರತ್ ಇರುವುದು ತುರ್ಕಿಯಲ್ಲಿ! ತುರ್ಕಿಯವರು ತಕರಾರು ತೆಗೆದಾಗ ಸೋವಿಯತ್ ವಿದೇಶಾಂಗ ಮಂತ್ರಿ ಚಿಚೆರಿನ್, ನಿಮ್ಮ ಬಾವುಟದಲ್ಲಿ ಚಂದ್ರ ಇದೆಯಲ್ಲ, ಚಂದ್ರ ನಿಮ್ಮದಾ ಎಂದು ಕೇಳಿದರು ಅನ್ನುವ ಕತೆ ಇದೆ. ಕತೆಯೇ ಇರಬಹುದು, ಆದರೆ ಅರ್ಮೇನಿಯನ್ನರು ಇವತ್ತಿಗೂ ಖುಷಿಯಿಂದ ಹೇಳುತ್ತಾರೆ.

ಚಂದ್ರನ ವಿಷಯ ಬಂದದ್ದಕ್ಕೆ ಒಂದು ಮಾತು. 1959ರ ಸೆಪ್ಟೆಂಬರ್‌ನಲ್ಲಿ ಲೂನಾ-2 ನೌಕೆ ಚಂದ್ರನಿಗೆ ಹೋಗಿ ಡಿಕ್ಕಿ ಹೊಡೆಯಿತು. ಚಂದ್ರನನ್ನು ಮುಟ್ಟಿದ ಮನುಷ್ಯರ ಮೊದಲ ವಸ್ತು ಅದು. ಒಳಗೆ ಪಂಚಕೋನದ ಸಣ್ಣ ಸಣ್ಣ ಲೋಹದ ತುಂಡುಗಳಿಂದ ಮಾಡಿದ ಗೋಳಗಳಿದ್ದವು. ಕೆಲವದರ ಮೇಲೆ ಇದೇ ಲಾಂಛನ ಕೆತ್ತಿತ್ತು. ಅದರದೊಂದು ನಕಲನ್ನು ಸೋವಿಯತ್ ನಾಯಕ ಖ್ರುಶ್ಚೇವ್ ಕೆಲವೇ ದಿನಗಳಲ್ಲಿ ವಾಷಿಂಗ್ಟನ್ನಿಗೆ ಹೋಗಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಕೈಗೇ ಕೊಟ್ಟು ಬಂದರು.

ಮಧ್ಯ ಏಷ್ಯಾದ ಲಾಂಛನಗಳಲ್ಲಿ ಹತ್ತಿ ಇತ್ತು. ಉಜ್ಬೆಕಿಸ್ತಾನದ ಲಾಂಛನದಲ್ಲಿ ಒಂದು ಕಡೆ ಗೋಧಿ, ಇನ್ನೊಂದು ಕಡೆ ಹತ್ತಿ ಗಿಡ. ಆ ಹತ್ತಿಗಾಗಿ ಅಮು ದರಿಯಾ, ಸಿರ್ ದರಿಯಾ ನದಿಗಳ ನೀರನ್ನು ಕಾಲುವೆಗಳಿಗೆ ತಿರುಗಿಸಿದರು. 1960ರ ದಶಕದಿಂದ ಅರಾಲ್ ಸಮುದ್ರ ಒಣಗುತ್ತಾ ಬಂತು, ಮೀನು ಹಿಡಿಯುವ ಊರುಗಳು ಮರಳುಗಾಡಿನ ನಡುವೆ ಉಳಿದವು. ಸ್ವತಂತ್ರ ಉಜ್ಬೆಕಿಸ್ತಾನದ 1992ರ ಲಾಂಛನದಲ್ಲೂ ಆ ಹತ್ತಿ ಹಾಗೆಯೇ ಇದೆ. ತಾಜಿಕಿಸ್ತಾನದಲ್ಲೂ ಇದೆ. ಹೊಸ ಸರಕಾರಗಳು ಕುಡುಗೋಲು-ಸುತ್ತಿಗೆ ಬಿಟ್ಟವು, ಮಾಲೆ ಬಿಡಲಿಲ್ಲ.

ಒಕ್ಕೂಟ ಬಿಚ್ಚಿಕೊಂಡಾಗ ಮೊದಲು ಬಿಚ್ಚಿದ್ದೂ ಭಾಷೆಯಿಂದಲೇ. 1989ರ ಆಗಸ್ಟ್ 31ರಂದು ಮಾಲ್ಡೋವಾ ತನ್ನ ಭಾಷೆಯನ್ನು ಸಿರಿಲಿಕ್‌ನಿಂದ ಲ್ಯಾಟಿನ್ ಲಿಪಿಗೆ ಮರಳಿಸಿತು. ಒಕ್ಕೂಟದ ಲಾಂಛನದಲ್ಲಿ ಮಾತ್ರ ಸಿರಿಲಿಕ್ ಸಾಲೇ ಉಳಿಯಿತು, ಯಾರೂ ತಿದ್ದಲು ಹೋಗಲಿಲ್ಲ. 1990ರ ಮಾರ್ಚ್ 11ರಂದು ಲಿಥುವೇನಿಯಾ ಸ್ವಾತಂತ್ರ್ಯ ಘೋಷಿಸಿತು, ಅದೇ ದಿನ ತನ್ನ ಹಳೆಯ ಕುದುರೆ ಸವಾರನ ಲಾಂಛನವನ್ನು ವಾಪಸ್ ತಂದಿತು. 1991ರ ಡಿಸೆಂಬರ್ 16ರಂದು ಕೊನೆಯದಾಗಿ ಕಜಾಕಸ್ತಾನ. ಅಷ್ಟರಲ್ಲಿ ಎಲ್ಲರೂ ಹೊರಟಾಗಿತ್ತು, ಕ್ರೆಮ್ಲಿನ್ನಿನ ದಾಖಲೆಗಳ ಮೇಲೆ ಇನ್ನೂ 15 ಸಾಲುಗಳ ರಿಬ್ಬನ್. ಡಿಸೆಂಬರ್ 26ರಂದು ಸಂಸತ್ತಿನ ಮೇಲ್ಮನೆ ಒಕ್ಕೂಟ ಇನ್ನಿಲ್ಲ ಎಂದು ಘೋಷಿಸಿತು.

ಮಾಸ್ಕೋದಲ್ಲಿ ವಿದೇಶಾಂಗ ಸಚಿವಾಲಯದ ಗಗನಚುಂಬಿ ಕಟ್ಟಡದ ಮುಖದ ಮೇಲೆ ಆ ಲಾಂಛನ ಈಗಲೂ ಇದೆ. ತುಂಬಾ ದೊಡ್ಡದು, ಕಟ್ಟಡದ ಭಾಗವೇ ಆಗಿಬಿಟ್ಟಿದೆ. ಒಳಗೆ ಕೆಲಸ ಮಾಡುವವರು ಎರಡು ತಲೆಯ ಹದ್ದಿನ ಮುದ್ರೆ ಒತ್ತುತ್ತಾರೆ.

ಚೌಕಟ್ಟನ್ನು ಹೆಚ್ಚುಕಮ್ಮಿ ಹಾಗೇ ಇಟ್ಟುಕೊಂಡ ದೇಶ ಬೆಲಾರೂಸ್. ಸ್ವಾತಂತ್ರ್ಯ ಬಂದಾಗ ಅವರೂ ಹಳೆಯ ಕುದುರೆ ಸವಾರನನ್ನೇ ತಂದಿದ್ದರು. ಲುಕಾಶೆಂಕೊ ಅಧ್ಯಕ್ಷರಾದ ಮೇಲೆ, 1995ರ ಮೇ ತಿಂಗಳಲ್ಲಿ ಜನಮತ ನಡೆಸಿ ಅದನ್ನು ತೆಗೆಸಿದರು. ಈಗಿನ ಲಾಂಛನದಲ್ಲಿ ತೆನೆ ಇದೆ, ಕೆಂಪು ನಕ್ಷತ್ರ ಇದೆ, ಸೂರ್ಯ ಇದ್ದಾನೆ, ಭೂಗೋಳ ಇದೆ, ತೆನೆಗೆ ಸುತ್ತಿದ ರಿಬ್ಬನ್ನೂ ಇದೆ. ರಿಬ್ಬನ್ ಈಗ ಕೆಂಪು ಹಸಿರು. ಸಕಲ ದೇಶಗಳ ಕಾರ್ಮಿಕರನ್ನು ಕರೆಯುವ ಸಾಲು ಹೋಗಿ, ಆ ಜಾಗದಲ್ಲಿ ದೇಶದ ಹೆಸರು ಬಂದಿದೆ. ಕುಡುಗೋಲು-ಸುತ್ತಿಗೆ ಇದ್ದ ಕಡೆ ಬೆಲಾರೂಸಿನ ಗಡಿಯ ಗೆರೆಯನ್ನು ಚಿನ್ನದ ಬಣ್ಣದಲ್ಲಿ ಎಳೆದಿದ್ದಾರೆ.